ಜೂಜಿಗೆ ಶಿಷ್ಟಾಚಾರದ ಮುಸುಕು

ಕೆಲವು ತಿಂಗಳ ಹಿಂದೆ ಒಂದು ನಿಕಾಹ್ ಸಮಾರಂಭದ ಊಟದಲ್ಲಿ ನಮ್ಮೂರಿನ ಯುವಕನೊಬ್ಬ ನನ್ನ ಪಕ್ಕ ಕುಳಿತಿದ್ದ. ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗ, ಕೈತುಂಬ ಸಂಬಳ, ಹಿರಿಯರೆಂದರೆ ಗೌರವ. ವಾರಾಂತ್ಯದಲ್ಲಿ ಪೋಕರ್ ಆಡುತ್ತಾನೆಂಬ ಸುದ್ದಿ ನನ್ನ ಕಿವಿಗೂ ಬಿದ್ದಿತ್ತು. ಮಾತು ಆ ಕಡೆಗೆ ಹೊರಳಿದಾಗ ಅವನು ತಲೆ ತಗ್ಗಿಸಲಿಲ್ಲ, ವಾದಕ್ಕೇ ನಿಂತ. "ಕಾಕಾ, ನೀವು ತಿಳಿದುಕೊಂಡಂತೆ ಅದು ಸಂತೆಯ ಹಿಂದಿನ ಇಸ್ಪೀಟ್ ಅಡ್ಡೆಯಲ್ಲ. ಅಲ್ಲಿ ಬೈಗುಳವಿಲ್ಲ, ಮೋಸವಿಲ್ಲ, ಜಗಳವಿಲ್ಲ. ಪ್ರತಿಯೊಬ್ಬನೂ ತನ್ನ ಸರದಿಗೆ ಕಾಯುತ್ತಾನೆ. ಆಡಿದ ಮಾತಿಗೆ ತಪ್ಪುವಂತಿಲ್ಲ. ನಮ್ಮ ಜಮಾಅತ್ ಸಭೆಗಳಲ್ಲಿ ಇಲ್ಲದ ಶಿಸ್ತು ಆ ಮೇಜಿನಲ್ಲಿದೆ" ಎಂದ.

ಕೊನೆಯ ಮಾತು ನನ್ನನ್ನು ಚುಚ್ಚಿತು. ಅದು ಪೂರ್ತಿ ಸುಳ್ಳಾಗಿದ್ದರೆ ಚುಚ್ಚುತ್ತಿರಲಿಲ್ಲ. ಅಂದು ನಾನು ಕೊಟ್ಟ ಉತ್ತರ ಚಿಕ್ಕದು: "ಹರಾಮ್ ಹರಾಮೇ." ಉತ್ತರ ಸರಿಯೇ, ಆದರೆ ಅವನ ಪ್ರಶ್ನೆಗೆ ಅದು ಸಾಕಾಗಲಿಲ್ಲವೆಂಬುದನ್ನು ಅವನ ಮೌನವೇ ಹೇಳಿತು. ಇಂದಿನ ನಮ್ಮ ಯುವಕರನ್ನು ಜೂಜಿನೆಡೆಗೆ ಸೆಳೆಯುತ್ತಿರುವುದು ಅದರ ಕೊಳಕಲ್ಲ, ಅದರ ಅಚ್ಚುಕಟ್ಟುತನ. ಆದುದರಿಂದ ಆ ಅಚ್ಚುಕಟ್ಟನ್ನೇ ಎದುರಿಗಿಟ್ಟುಕೊಂಡು ಪರಿಶೀಲಿಸೋಣ.

ಪೋಕರ್‌ನ ಬಹುಪ್ರಚಲಿತ ಪ್ರಕಾರವಾದ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಪ್ರತಿ ಆಟಗಾರನಿಗೆ ಎರಡು ಎಲೆಗಳನ್ನು ಮುಚ್ಚಿ ಕೊಡಲಾಗುತ್ತದೆ. ಮೇಜಿನ ನಡುವೆ ಐದು ಎಲೆಗಳು ಮೊದಲು ಮೂರು, ಬಳಿಕ ಒಂದು, ಕೊನೆಗೆ ಒಂದು ಎಂಬ ಕ್ರಮದಲ್ಲಿ ತೆರೆಯುತ್ತವೆ. ಒಂದೊಂದು ಹಂತದಲ್ಲೂ ಪಣ ಕಟ್ಟುವ ಸುತ್ತು. ಈ ಸರಳ ಚೌಕಟ್ಟಿನ ಸುತ್ತ ದೊಡ್ಡದೊಂದು ಶಿಷ್ಟಾಚಾರ ಸಂಹಿತೆಯೇ ಬೆಳೆದು ನಿಂತಿದೆ. ಸರದಿ ಮೀರಿ ಆಡಬಾರದು. ಪಣದ ಬಿಲ್ಲೆಗಳನ್ನು ಒಂದೇ ಸಲಕ್ಕೆ ಮುಂದಿಡಬೇಕು. ಸ್ವಲ್ಪ ಇಟ್ಟು, ಎದುರಿನವನ ಮುಖ ನೋಡಿ, ಮತ್ತಷ್ಟು ಸೇರಿಸುವಂತಿಲ್ಲ. ಸರದಿಯಲ್ಲಿ ಬಾಯಿಂದ ಬಂದ ಮಾತು ಕೈಯಿಂದ ಇಟ್ಟ ಹಣದಷ್ಟೇ ಬದ್ಧ. ಬಿಲ್ಲೆಗಳನ್ನು ರಾಶಿಯೊಳಗೆ ಎರಚಬಾರದು. ಆಟ ನಡೆಯುತ್ತಿರುವಾಗ ತನ್ನ ಎಲೆಗಳ ಬಗ್ಗೆಯಾಗಲಿ, ಕೈಬಿಟ್ಟ ಎಲೆಗಳ ಬಗ್ಗೆಯಾಗಲಿ ತುಟಿ ಬಿಚ್ಚಬಾರದು. ಒಬ್ಬನ ಎಲೆಗಳನ್ನು ಒಬ್ಬನೇ ಆಡಬೇಕು. ಪಕ್ಕದವನು ಸಲಹೆ ನೀಡುವಂತಿಲ್ಲ. ಗೆಲುವು ಖಚಿತವಿದ್ದಾಗ ಎಲೆ ತೋರಿಸಲು ಬೇಕೆಂದೇ ತಡಮಾಡಿ ಎದುರಾಳಿಯನ್ನು ಸತಾಯಿಸುವುದು ಹೀನಗುಣವೆನಿಸುತ್ತದೆ. 2001ರಲ್ಲಿ ಸ್ಥಾಪನೆಯಾದ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ ಎಂಬ ಸಂಸ್ಥೆ ಪಂದ್ಯಾವಳಿಗಳ ನಿಯಮಗಳನ್ನು ಏಕರೂಪಕ್ಕೆ ತರುವ ಕೆಲಸವನ್ನೇ ಮಾಡುತ್ತಿದೆ.

ಎಲೆ ಹಂಚುವ ಡೀಲರ್‌ನ ಕರ್ತವ್ಯಗಳು ಇನ್ನೂ ಬಿಗಿ. ಎಲೆಗಳನ್ನು ಎಲ್ಲರೆದುರು ಮೇಜಿನ ಮೇಲೆ ಹರಡಿ ಕಲಸಬೇಕು. ಹಂಚುವಾಗ ಎಲೆಯ ಮುಖ ಯಾರಿಗೂ ಕಾಣದಂತೆ ಕೈಯನ್ನು ತಗ್ಗಿಸಿ ಹಿಡಿಯಬೇಕು. ನಡುವಿನ ಎಲೆಗಳನ್ನು ತೆರೆಯುವ ಮುನ್ನ ಪ್ರತಿಸಲ ಮೇಲಿನ ಒಂದು ಎಲೆಯನ್ನು ಬದಿಗೆ ಸರಿಸಬೇಕು. ಯಾರ ಸರದಿ, ಎಷ್ಟು ಪಣ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಗೆದ್ದವನೊಂದಿಗೆ ಹಿಗ್ಗಬಾರದು, ಸೋತವನೊಂದಿಗೆ ಮರುಗಬಾರದು. ಆಟಗಾರ ತನ್ನ ಎಲೆಯನ್ನು ತಪ್ಪಾಗಿ ಹೇಳಿದರೂ ತೆರೆದಿಟ್ಟ ಎಲೆಗಳೇ ತೀರ್ಪು. ಅವನ್ನು ಸರಿಯಾಗಿ ಓದಿ ಹಕ್ಕುದಾರನಿಗೆ ರಾಶಿಯನ್ನು ತಳ್ಳಬೇಕು. ತನ್ನ ಪಾಳಿ ಮುಗಿಸಿ ಏಳುವಾಗ ಎರಡೂ ಅಂಗೈಗಳನ್ನು ತೆರೆದು, ತಿರುಗಿಸಿ, ಮೇಲಿನ ಕ್ಯಾಮೆರಾಗೆ ತೋರಿಸಬೇಕು: ನಾನು ಏನನ್ನೂ ಅಡಗಿಸಿಕೊಂಡಿಲ್ಲ ಎಂದು.

ಇದನ್ನು ಅಣಕಿಸುವುದು ನನ್ನ ಉದ್ದೇಶವಲ್ಲ. ಸರದಿಯ ಗೌರವ, ಮಾತಿನ ಬದ್ಧತೆ, ಪಕ್ಷಪಾತವಿಲ್ಲದಿರುವುದು, ತೆರೆದ ಅಂಗೈ ಇವೆಲ್ಲ ಗುಣಗಳೇ. ಆದರೆ ಗುಣವೊಂದರ ಬೆಲೆಯನ್ನು ಅದು ಯಾರ ಸೇವೆಯಲ್ಲಿ ನಿಂತಿದೆ ಎಂಬುದರಿಂದ ಅಳೆಯಬೇಕು. ಕತ್ತಿಯ ಹಿಡಿಕೆಗೆ ಎಷ್ಟೇ ನಯವಾಗಿ ಕುಂದಣ ಕೂರಿಸಿದರೂ ಅದರ ಅಲಗು ಕತ್ತರಿಸುವುದನ್ನು ಮರೆಯುವುದಿಲ್ಲ. ಈ ಮರ್ಯಾದೆಗಳೆಲ್ಲ ಯಾರನ್ನು ಕಾಪಾಡುತ್ತವೆ?

ಪೋಕರ್ ಬಳಗದಲ್ಲಿ ಅನುಭವಿಗಳು ಹೊಸಬರಿಗೆ ಕಲಿಸುವ ಒಂದು ಪಾಠವಿದೆ: ಅಕ್ವೇರಿಯಮ್ಮಿನ ಗಾಜನ್ನು ತಟ್ಟಬೇಡ. ಅವರ ಪರಿಭಾಷೆಯಲ್ಲಿ ಆಟ ಬಾರದ, ಸೋಲುತ್ತಲೇ ಇರುವ ವ್ಯಕ್ತಿ ಒಂದು "ಮೀನು". ಅವನು ತಪ್ಪಾಗಿ ಆಡಿದಾಗ ತಿದ್ದಬೇಡ, ಹೀಯಾಳಿಸಬೇಡ, ಅವನು ಅದೃಷ್ಟದಿಂದ ನಿನ್ನನ್ನು ಸೋಲಿಸಿದರೆ ನಗುತ್ತ ಅಭಿನಂದಿಸು. ಏಕೆ? ಗಾಜು ತಟ್ಟಿದರೆ ಮೀನು ಬೆದರುತ್ತದೆ. ಬೆದರಿದ ಮೀನು ಆಟ ಕಲಿಯುತ್ತದೆ, ಇಲ್ಲವೇ ಎದ್ದು ಹೋಗುತ್ತದೆ. ಅವನು ಎದ್ದು ಹೋದರೆ ಹಣ ಬರುವ ದಾರಿ ಮುಚ್ಚಿತು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನನ್ನ ಯುವಮಿತ್ರನನ್ನು ಮರುಳುಗೊಳಿಸಿದ ಆ ಸೌಜನ್ಯದ ಒಳಗುಟ್ಟು ಇದು. ಪ್ರವಾದಿ ಮುಹಮ್ಮದ್(ಸ)ರು ಧರ್ಮವನ್ನು ಒಂದೇ ಮಾತಿನಲ್ಲಿ ಹಿತಚಿಂತನೆಯೆಂದು ವಿವರಿಸಿದರೆಂಬುದನ್ನು ಸಹೀಹ್ ಮುಸ್ಲಿಮ್‌ನ ವರದಿ ನಮಗೆ ತಿಳಿಸುತ್ತದೆ. ಸಹೋದರನು ಬಾವಿಯೆಡೆಗೆ ನಡೆಯುತ್ತಿದ್ದರೆ ಕೂಗಿ ನಿಲ್ಲಿಸುವುದು ಹಿತಚಿಂತನೆ. ಪೋಕರ್ ಮೇಜಿನಲ್ಲಿ ಹಾಗೆ ಕೂಗುವುದೇ ಅಶಿಷ್ಟತೆ. ಪಕ್ಕದ ಗೆಳೆಯ "ಸಾಕು, ಏಳು" ಎನ್ನುವಂತಿಲ್ಲ. ಒಬ್ಬನ ಎಲೆ ಒಬ್ಬನದೇ. ಎದುರಾಳಿ ಹೇಳುವುದಿಲ್ಲ; ಅದು ಅವನಿಗೆ ನಷ್ಟ. ಡೀಲರ್ ಹೇಳುವಂತಿಲ್ಲ, ಅವನ ಕರ್ತವ್ಯವೇ ನಿರ್ಲಿಪ್ತತೆ. ಒಬ್ಬ ಮನುಷ್ಯ ಮಗಳ ಶಾಲಾ ಶುಲ್ಕವನ್ನು ಮೂರನೆಯ ಸಲ ಬಿಲ್ಲೆಗಳಾಗಿ ಪರಿವರ್ತಿಸಿಕೊಂಡು ಬಂದು ಕುಳಿತಾಗ ಸುತ್ತ ಎಂಟು ಮಂದಿ ಸಭ್ಯರು, ಒಬ್ಬ ನಿಷ್ಪಕ್ಷಪಾತಿ ಡೀಲರ್ ಇರುತ್ತಾರೆ. ಅವನಿಗೆ ಒಳ್ಳೆಯ ಮಾತು ಹೇಳುವ ಹಕ್ಕು ಅವರಲ್ಲಿ ಯಾರಿಗೂ ಇಲ್ಲ. ನಿಯಮ ಮುರಿದವನನ್ನು ಆ ಮೇಜು ಎಬ್ಬಿಸಿ ಕಳುಹಿಸುತ್ತದೆ. ಮನೆ ಮುರಿದುಕೊಳ್ಳುತ್ತಿರುವವನಿಗೆ ಮೆತ್ತನೆಯ ಕುರ್ಚಿ ಕೊಡುತ್ತದೆ.

ಕನ್ನಡಿಗರಿಗೆ ಇಂಥ ಸಭೆಯೊಂದು ಅಪರಿಚಿತವಲ್ಲ. ಮಹಾಭಾರತದ ದ್ಯೂತಸಭೆಯಲ್ಲಿ ಶಿಷ್ಟಾಚಾರಕ್ಕೆ ಕೊರತೆಯಿತ್ತೇ? ಆಟಕ್ಕೆ ಕರೆದಾಗ ಬಾರೆನೆನ್ನುವುದು ಕ್ಷತ್ರಿಯನಿಗೆ ತಕ್ಕುದಲ್ಲವೆಂಬ ಮರ್ಯಾದೆಯೇ ಧರ್ಮರಾಯನನ್ನು ಅಲ್ಲಿಗೆ ಎಳೆತಂದಿತು. ಹಿರಿಯರು ಕುಳಿತಿದ್ದರು, ಪಣಗಳು ಒಂದೊಂದಾಗಿ ಘೋಷಣೆಯಾದವು. ಕೊನೆಗೆ ತನ್ನನ್ನೇ ಸೋತವನಿಗೆ ತನ್ನನ್ನು ಪಣಕ್ಕಿಡುವ ಹಕ್ಕೆಲ್ಲಿತ್ತು ಎಂದು ದ್ರೌಪದಿ ಕೇಳಿದಾಗ ಆ ಮಹಾಸಭೆ ಉತ್ತರಿಸಲಾಗದೆ ಕುಳಿತಿತು. ಆಟದ ನಿಯಮಗಳು ಆಟದೊಳಗಿನ ಪ್ರಶ್ನೆಗಳಿಗೆ ಮಾತ್ರ ಉತ್ತರಿಸಬಲ್ಲವು. ಆಡದೆಯೇ ಸೋತವರ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿಲ್ಲ. ಇಂದಿಗೂ ಜೂಜಿನ ಮೇಜಿನಲ್ಲಿ ಪಣವಾಗುವವರು ಅಲ್ಲಿ ಕುಳಿತವರಲ್ಲ. ಮನೆಯಲ್ಲಿ ಬಾಗಿಲು ತೆರೆದಿಟ್ಟು ಕಾಯುವ ಹೆಂಡತಿ, ಮಕ್ಕಳು, ವೃದ್ಧ ತಂದೆತಾಯಿ.

ಹಾಗಾದರೆ ಮೋಸವಿಲ್ಲದ, ಸಭ್ಯವಾದ, ಯಾರಿಗೂ ನೋವಾಗದ ಜೂಜು ಇದ್ದಿದ್ದರೆ ಇಸ್ಲಾಮ್ ಅದನ್ನು ಒಪ್ಪುತ್ತಿತ್ತೇ? ಇದಕ್ಕೆ ಉತ್ತರವನ್ನು ಊಹಿಸಬೇಕಾಗಿಲ್ಲ, ಇತಿಹಾಸವೇ ಕೊಟ್ಟಿದೆ. ಪವಿತ್ರ ಕುರ್‌ಆನ್ ನಿಷೇಧಿಸಿದ "ಮೈಸಿರ್" ಎಂಬುದು ಅಜ್ಞಾನ ಕಾಲದ ಅರಬರಲ್ಲಿ ಕೀಳು ಚಟವಾಗಿರಲಿಲ್ಲ. ಅದು ಗಣ್ಯರ ಆಟ, ಔದಾರ್ಯದ ಗುರುತು. ಒಂಟೆಯನ್ನು ಕಡಿದು ಪಾಲುಗಳನ್ನಾಗಿ ಮಾಡಿ, ಹತ್ತು ಬಾಣಗಳನ್ನು ಚೀಲದಲ್ಲಿಟ್ಟು ಕಲಸಿ ಎಳೆಯುತ್ತಿದ್ದರು. ಏಳು ಬಾಣಗಳಿಗೆ ಪಾಲುಂಟು, ಮೂರು ಬರಿದು. ಬಾಣ ಎಳೆಯುವವನು ಸ್ಪರ್ಶದಿಂದ ಗುರುತಿಸದಿರಲೆಂದು ಅವನ ಕೈಗೆ ಬಟ್ಟೆ ಸುತ್ತುತ್ತಿದ್ದರೆಂದೂ, ಅವನ ಮೇಲೆ ಕಣ್ಣಿಡಲು "ರಕೀಬ್" ಎಂಬ ಕಾವಲುಗಾರನಿರುತ್ತಿದ್ದನೆಂದೂ ಹಳೆಯ ವಿದ್ವಾಂಸರು ವಿವರಿಸಿದ್ದಾರೆ. ಇಂದಿನ ಡೀಲರ್ ಮತ್ತು ಕ್ಯಾಮೆರಾಗಳ ಪೂರ್ವಜರು ಅವರೇ. ಅಷ್ಟೇ ಅಲ್ಲ, ಗೆದ್ದವನು ಮಾಂಸವನ್ನು ತಾನು ತಿನ್ನದೆ ಬಡವರಿಗೆ ಹಂಚುವುದು ಅಂದಿನ ಗೌರವದ ಪದ್ಧತಿಯಾಗಿತ್ತು. ಚಳಿಗಾಲದ ಬರದಲ್ಲಿ ಈ ಆಟಕ್ಕೆ ಸೇರದವನನ್ನು ಜಿಪುಣನೆಂದು ಮೂದಲಿಸುತ್ತಿದ್ದರು.

ಶಿಸ್ತಿತ್ತು, ನಿಷ್ಪಕ್ಷಪಾತವಿತ್ತು, ದಾನವೂ ಇತ್ತು. ಅಲ್‌ಬಕರಃ ಅಧ್ಯಾಯದ 219ನೇ ವಚನವು ಅದರಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆಯೆಂಬುದನ್ನು ಮುಚ್ಚಿಡಲಿಲ್ಲ. ಆದರೆ ಅದರ ಪಾಪವು ಪ್ರಯೋಜನಕ್ಕಿಂತ ದೊಡ್ಡದೆಂದು ತೂಗಿ ಹೇಳಿತು. ಬಳಿಕ ಅಲ್‌ಮಾಇದಃ ಅಧ್ಯಾಯದ 90 ಮತ್ತು 91ನೇ ವಚನಗಳು ಮದ್ಯದೊಂದಿಗೆ ಜೂಜನ್ನೂ ಸೈತಾನನ ಹೊಲಸು ಕೃತ್ಯವೆಂದು ಸಾರಿ, ಅದರಿಂದ ದೂರವಿರಲು ಆಜ್ಞಾಪಿಸಿದವು. ಅಲ್ಲಿ ಕೊಟ್ಟ ಕಾರಣಗಳನ್ನು ಗಮನಿಸಿ: ಮನುಷ್ಯರ ನಡುವೆ ವೈರ ಮತ್ತು ದ್ವೇಷ ಬಿತ್ತುವುದು, ಅಲ್ಲಾಹನ ಸ್ಮರಣೆಯಿಂದಲೂ ನಮಾಝ್‌ನಿಂದಲೂ ತಡೆಯುವುದು. ಮೋಸದ ಜೂಜು, ಮೋಸವಿಲ್ಲದ ಜೂಜು ಎಂಬ ವಿಂಗಡಣೆ ಆ ವಚನಗಳಲ್ಲಿಲ್ಲ. ಹಸಿದವನ ಬಾಯಿಗೆ ಮಾಂಸ ನೀಡುತ್ತಿದ್ದ ಜೂಜೇ ಉಳಿಯಲಿಲ್ಲವೆಂದ ಮೇಲೆ, ತಂಪು ಕೊಠಡಿಯಲ್ಲಿ ಪಾನೀಯ ನೀಡುವ ಜೂಜು ಯಾವ ಮುಖದಿಂದ ವಿನಾಯಿತಿ ಕೇಳುತ್ತದೆ?

"ಆದರೆ ಪೋಕರ್ ಅದೃಷ್ಟದ ಆಟವಲ್ಲ, ಕೌಶಲದ ಆಟ, ನ್ಯಾಯಾಲಯವೇ ಹೇಳಿದೆ" ಎಂಬ ವಾದವೊಂದಿದೆ. ಕರ್ನಾಟಕ ಹೈಕೋರ್ಟ್ 2013ರಲ್ಲಿ ಪೋಕರನ್ನು ಕೌಶಲದ ಆಟವಾಗಿ ನೋಡಿತೆಂಬುದು ನಿಜ. ಗುಜರಾತ್ ಹೈಕೋರ್ಟ್ 2017ರಲ್ಲಿ ಅದನ್ನು ಜೂಜೆಂದೇ ಪರಿಗಣಿಸಿತೆಂಬುದೂ ನಿಜ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಆಟಗಳಿಗೆ ಪಣ ಕಟ್ಟುವುದನ್ನು ನಿಷೇಧಿಸಿತು; 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬದಿಗಿಟ್ಟು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಹನ್ನೆರಡು ವರ್ಷಗಳಲ್ಲಿ ಕಾನೂನು ಎಷ್ಟು ಸಲ ಮಗ್ಗುಲು ಬದಲಿಸಿತು ನೋಡಿ. ಕಾನೂನನ್ನು ಗೌರವಿಸೋಣ, ಆದರೆ ಹಲಾಲ್ ಹರಾಮ್‌ಗಳ ಗಡಿಯನ್ನು ಅದರ ಮಗ್ಗುಲಿಗೆ ತಕ್ಕಂತೆ ಸರಿಸಲಾಗದು.

ಕೌಶಲವಿದೆಯೆಂದು ಒಪ್ಪಿಕೊಂಡರೂ ವಾದ ಗೆಲ್ಲುವುದಿಲ್ಲ, ಇನ್ನಷ್ಟು ಸೋಲುತ್ತದೆ. ದರ್ಜಿಯ ಕೌಶಲದಿಂದ ಒಂದು ಅಂಗಿ ಹುಟ್ಟುತ್ತದೆ, ರೈತನ ಕೌಶಲದಿಂದ ಭತ್ತ, ವೈದ್ಯನ ಕೌಶಲದಿಂದ ಆರೋಗ್ಯ. ಹಣ ಕೊಟ್ಟವನೂ ಏನನ್ನೋ ಪಡೆದು ಮನೆಗೆ ಹೋಗುತ್ತಾನೆ. ಪೋಕರ್ ಕೌಶಲದಿಂದ ಹುಟ್ಟುವುದೇನು? ರಾತ್ರಿಯಿಡೀ ಆಡಿದ ಮೇಲೆ ಲೋಕದಲ್ಲಿ ಒಂದು ಕಾಳೂ ಹೆಚ್ಚಾಗಿರುವುದಿಲ್ಲ. ಒಬ್ಬನ ಕಿಸೆಯಲ್ಲಿದ್ದುದು ಇನ್ನೊಬ್ಬನ ಕಿಸೆಗೆ ಬಂದಿರುತ್ತದೆ. ಅದೃಷ್ಟದ ಜೂಜಿನಲ್ಲಿ ಸೋತವನು ವಿಧಿಗೆ ಸೋತೆನೆಂದು ಕೊಳ್ಳಬಹುದು. ಕೌಶಲದ ಜೂಜಿನಲ್ಲಿ ಬಲ್ಲವನು ಅರಿಯದವನನ್ನು ಆರಿಸಿ, ಕಾದು, ನಗುತ್ತಲೇ ಕೊಳ್ಳೆ ಹೊಡೆದಿರುತ್ತಾನೆ. ದುರ್ಬಲನ ಅಜ್ಞಾನವೇ ಬಲಿಷ್ಠನ ಜೀವನೋಪಾಯವಾಗುವ ಕೌಶಲವನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದು ಹೇಗೆ?

"ಎಲ್ಲರೂ ಒಪ್ಪಿಯೇ ಆಡುತ್ತಾರಲ್ಲ?" ಎಂದು ಕೇಳುವವರೂ ಇದ್ದಾರೆ. ಅನ್ನಿಸಾ ಅಧ್ಯಾಯದ 29ನೇ ವಚನವು ಪರಸ್ಪರ ಒಪ್ಪಿಗೆಯನ್ನು ಹೇಳುವುದು ವ್ಯಾಪಾರದ ಸಂದರ್ಭದಲ್ಲಿ. ಒಪ್ಪಿಗೆಯೊಂದೇ ಸಾಕೆಂದು ಅದು ಹೇಳಿಲ್ಲ. ಲಂಚದಲ್ಲೂ ಇಬ್ಬರ ಒಪ್ಪಿಗೆಯಿದೆ, ಬಡ್ಡಿಯಲ್ಲೂ ಇದೆ. ಮೇಲಾಗಿ, ಪೋಕರ್ ಮೇಜಿನಲ್ಲಿ ಕುಳಿತವರಲ್ಲಿ ಯಾರು ಸೋಲಲು ಒಪ್ಪಿ ಬಂದಿದ್ದಾರೆ? ಪ್ರತಿಯೊಬ್ಬನೂ ಒಪ್ಪಿರುವುದು ಉಳಿದವರು ಸೋಲುವುದಕ್ಕೆ.

ಇನ್ನು ಮೇಜಿನ ಯಜಮಾನನ ಲೆಕ್ಕ. ಕ್ಲಬ್‌ಗಳು ಪ್ರತಿ ರಾಶಿಯಿಂದ ಒಂದು ಪಾಲನ್ನು ತೆಗೆದುಕೊಳ್ಳುತ್ತವೆ. ಅದಕ್ಕೆ ರೇಕ್ ಎನ್ನುತ್ತಾರೆ. ಲೆಕ್ಕಕ್ಕೆಂದು ಹೀಗೆ ಭಾವಿಸೋಣ: ಒಂಬತ್ತು ಮಂದಿ ತಲಾ 10,000 ರೂಪಾಯಿ ತಂದರು, ಒಟ್ಟು 90,000. ಗಂಟೆಗೆ 30 ಆಟಗಳು ನಡೆದು, ಪ್ರತಿ ಆಟದಿಂದ ಸರಾಸರಿ 200 ರೂಪಾಯಿ ಕ್ಲಬ್ಬಿಗೆ ಹೋದರೆ ಗಂಟೆಗೆ 6,000. ಐದು ಗಂಟೆಗಳಲ್ಲಿ 30,000. ಮೇಜಿಗೆ ಬಂದ ಹಣದ ಮೂರನೇ ಒಂದು ಪಾಲು, ಒಂದೂ ಎಲೆ ಹಿಡಿಯದವನ ಪೆಟ್ಟಿಗೆಗೆ ಸೇರಿತು. ಈಗ ಶಿಷ್ಟಾಚಾರವನ್ನು ಮತ್ತೊಮ್ಮೆ ನೋಡಿ: ಸರದಿ ಬಂದೊಡನೆ ತಡಮಾಡದೆ ಆಡಬೇಕು, ವಾದ ಬೆಳೆಸಬಾರದು, ಡೀಲರ್ ಚುರುಕಾಗಿರಬೇಕು. ಶಿಸ್ತು ಹೆಚ್ಚಿದಷ್ಟೂ ಆಟಗಳು ಹೆಚ್ಚು, ಆಟಗಳು ಹೆಚ್ಚಿದಷ್ಟೂ ರೇಕ್ ಹೆಚ್ಚು. ಆಟಗಾರರ ಮರ್ಯಾದೆಯಲ್ಲಿ ಮನೆಕಟ್ಟಿದವನು ಯಜಮಾನ.

ಪಣಜಿಯ ಮಾಂಡೋವಿ ನದಿಯಲ್ಲಿ ದೀಪಗಳಿಂದ ಝಗಮಗಿಸುವ ಕ್ಯಾಸಿನೋ ಹಡಗುಗಳನ್ನು ನಮ್ಮಲ್ಲಿ ಅನೇಕರು ದಡದಿಂದ ನೋಡಿದ್ದೇವೆ; ಕೆಲವರು ಹತ್ತಿಯೂ ಬಂದಿದ್ದಾರೆ. ವಾರದ ಕೊನೆಗೆ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರುಗಳಿಂದ ಅಲ್ಲಿಗೆ ಹೋಗುವ ಕಾರುಗಳಿಗೆ ಬರವಿಲ್ಲ. ಆದರೆ ಒಂದು ಸಂಗತಿಯನ್ನು ಅವರು ಯೋಚಿಸಿದಂತಿಲ್ಲ. ಗೋವಾ ಸರ್ಕಾರವು 2020ರ ಫೆಬ್ರವರಿಯಿಂದ ತನ್ನ ನಾಡಿನ ನಿವಾಸಿಗಳು ಕ್ಯಾಸಿನೋಗಳಲ್ಲಿ ಆಡುವುದನ್ನು ನಿಷೇಧಿಸಿದೆ. ಅಡುಗೆಯವನು ತನ್ನ ಮಕ್ಕಳಿಗೆ ಮುಟ್ಟಬೇಡಿರೆಂದ ಪಾತ್ರೆಯಿಂದ ಅತಿಥಿಗೆ ಬಡಿಸಿದರೆ ಆ ಅತಿಥಿ ಏನೆಂದು ತಿಳಿಯಬೇಕು?

ಡೀಲರ್ ಕೆಲಸದಲ್ಲಿರುವ ಯುವಕ ಯುವತಿಯರ ಬಗ್ಗೆಯೂ ಒಂದು ಮಾತು. ಅವರಲ್ಲಿ ಅನೇಕರು ಜೂಜಾಡುವವರಲ್ಲ, ಸಂಬಳಕ್ಕಾಗಿ ನಿಂತವರು. "ನಾನು ಎಲೆ ಹಂಚುತ್ತೇನಷ್ಟೆ, ಪಣ ಕಟ್ಟುವುದಿಲ್ಲ" ಎಂಬುದು ಅವರ ಸಮಾಧಾನ. ಅವರ ಬಡತನವನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ. ಆದರೆ ಪ್ರವಾದಿ(ಸ)ರು ಬಡ್ಡಿಯ ವಿಷಯದಲ್ಲಿ ತಿನ್ನುವವನನ್ನು ಮಾತ್ರವಲ್ಲ, ಕೊಡುವವನನ್ನೂ ಬರೆಯುವವನನ್ನೂ ಸಾಕ್ಷಿ ನಿಲ್ಲುವವರನ್ನೂ ಶಪಿಸಿದರು. ಪಾಪದಲ್ಲಿ ಪರಸ್ಪರ ಸಹಕರಿಸಬಾರದೆಂದು ಅಲ್‌ಮಾಇದಃದ 2ನೇ ವಚನ ಎಚ್ಚರಿಸುತ್ತದೆ. ಕೆಡುಕಿನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದರೆ ಅದು ಒಳಿತಾಗುವುದಿಲ್ಲ. ಅವರು ಆ ಕೆಲಸ ಬಿಟ್ಟು ಬಂದರೆ ಅವರ ಕೈಗೆ ಬೇರೊಂದು ಕೆಲಸ ಕೊಡುವ ಸಿದ್ಧತೆ ನಮ್ಮಲ್ಲಿದೆಯೇ ಎಂಬುದು ಶ್ರೀಮಂತರು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಕೈ ನೀಡದೆ ಬೆರಳು ತೋರಿಸುವುದು ಹಿತಚಿಂತನೆಯಲ್ಲ.

ಈಗ ಆ ಯುವಕನ ಚುಚ್ಚುಮಾತಿಗೆ ಬರೋಣ. ನಮ್ಮ ಸಭೆಗಳಲ್ಲಿ ಸರದಿಯಿಲ್ಲ. ಒಬ್ಬ ಮಾತನಾಡುವಾಗ ನಾಲ್ವರು ಬಾಯಿ ಹಾಕುತ್ತಾರೆ. ನಮ್ಮ ವ್ಯಾಪಾರಗಳಲ್ಲಿ ಆಡಿದ ಮಾತು ಸಂಜೆಗೆ ಬದಲಾಗುತ್ತದೆ. ಲೆಕ್ಕ ಕೇಳಿದರೆ ಮುಖ ಕೆಂಪಾಗುತ್ತದೆ. ವಕ್ಫ್ ಆಸ್ತಿಯನ್ನೋ ಮದ್ರಸದ ನಿಧಿಯನ್ನೋ ನೋಡಿಕೊಂಡವನು ಅಧಿಕಾರ ಬಿಡುವಾಗ ಅಂಗೈ ತೆರೆದು ತೋರಿಸುವ ಪದ್ಧತಿ ಎಷ್ಟು ಕಡೆ ಇದೆ? ಅಳತೆ ತೂಕಗಳಲ್ಲಿ ವಂಚಿಸುವವರ ಮೇಲೆ ಇಡೀ ಒಂದು ಅಧ್ಯಾಯದಲ್ಲಿ ಎಚ್ಚರಿಕೆ ಇಳಿದ ಗ್ರಂಥವನ್ನು ಎದೆಗೊತ್ತಿಕೊಂಡವರು ನಾವು. ಬಾಲ್ಯದಿಂದಲೇ ಪಾರದರ್ಶಕತೆಯನ್ನು ಮಸೀದಿಯಲ್ಲಿ ಕಾಣದ ಮಗು, ಅದನ್ನು ಜೂಜಿನ ಮೇಜಿನಲ್ಲಿ ಕಂಡು ಬೆರಗಾದರೆ ತಪ್ಪು ಅವನೊಬ್ಬನದೇ ಅಲ್ಲ. ಆ ಮೇಜಿನ ಬಲದಲ್ಲಿ ಅರ್ಧ ಪಾಲು ನಮ್ಮ ದೌರ್ಬಲ್ಯ.

ಆದುದರಿಂದ ಪ್ರೀತಿಯ ಯುವಕರೇ, ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೆ: ಆ ಮೇಜಿನಲ್ಲಿ ಕಲಿತ ಶಿಸ್ತನ್ನು ಅಲ್ಲಿಯೇ ಬಿಟ್ಟು ಬರಬೇಡಿ, ಅದನ್ನೆತ್ತಿಕೊಂಡು ಹೊರಗೆ ಬನ್ನಿ. ಸರದಿಯ ಗೌರವವನ್ನು ನಮ್ಮ ಸಭೆಗಳಿಗೆ ತನ್ನಿ. ಮಾತಿನ ಬದ್ಧತೆಯನ್ನು ನಿಮ್ಮ ವ್ಯವಹಾರಕ್ಕೆ ತನ್ನಿ. ಲೆಕ್ಕ ತೋರಿಸಿರೆಂದು ನಮ್ಮನ್ನೂ ನಿರ್ಭಯವಾಗಿ ಕೇಳಿ. ಗೆಳೆಯನೊಬ್ಬನನ್ನು ಜೂಜಿಗೆ ಬಾರೆಂದು ಕರೆದವನು, ಬರೀ ಕರೆದುದಕ್ಕೇ, ದಾನ ನೀಡಿ ಪ್ರಾಯಶ್ಚಿತ್ತ ಮಾಡಿಕೊಳ್ಳಲೆಂದು ಪ್ರವಾದಿ(ಸ)ರು ಬೋಧಿಸಿರುವುದು ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿ ವರದಿಯಾಗಿದೆ. ಕರೆದುದಕ್ಕೇ ಇಷ್ಟಾದರೆ ಕುಳಿತುದಕ್ಕೆಷ್ಟು ಎಂದು ನೀವೇ ತೂಗಿ ನೋಡಿ. ಆದರೆ ಅದೇ ಬೋಧನೆಯಲ್ಲಿ ಹಿಂದಿರುಗುವ ದಾರಿಯೂ ಇದೆ. ಪಶ್ಚಾತ್ತಾಪದ ಬಾಗಿಲು ಎಂದೂ ಹೊಸಬರಿಗೆ ಮುಚ್ಚಿಲ್ಲ.

ಡೀಲರ್ ಎದ್ದು ಹೋಗುವಾಗ ಅಂಗೈ ತೆರೆದು ತೋರಿಸುತ್ತಾನೆ; ಕ್ಯಾಮೆರಾ ತೃಪ್ತವಾಗುತ್ತದೆ. ನಾವೆಲ್ಲರೂ ಒಂದು ದಿನ ಈ ಲೋಕದ ಮೇಜಿನಿಂದ ಎದ್ದು ಹೋಗುವವರೇ. ಯಾಸೀನ್ ಅಧ್ಯಾಯದ 65ನೇ ವಚನ ವಿವರಿಸುವ ಆ ದಿನ ಬಾಯಿಗೆ ಮುದ್ರೆ ಬಿದ್ದಿರುತ್ತದೆ, ಕೈಗಳು ತಾವೇ ಮಾತನಾಡುತ್ತವೆ, ಕಾಲುಗಳು ಸಾಕ್ಷಿ ನುಡಿಯುತ್ತವೆ. ಅಂದು ಅಂಗೈಯಲ್ಲಿ ಏನೂ ಅಡಗಿಲ್ಲವೆಂದು ತೋರಿಸಿದರೆ ಸಾಲದು. ಆ ಕೈ ಏನನ್ನು ಹಂಚಿತು, ಯಾರಿಂದ ಕಿತ್ತುಕೊಂಡಿತು, ಯಾರ ಮಕ್ಕಳ ತುತ್ತನ್ನು ಮುಂದಕ್ಕೆ ತಳ್ಳಿತು ಎಂಬುದನ್ನೂ ಹೇಳುತ್ತದೆ. ಆ ಸಾಕ್ಷ್ಯಕ್ಕೆ ಅಂಜದ ಕೈಗಳನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.